ಅಡಿಗೆಮನೆ ಬಾಗಿಲು

ಆಲ್ದೂರಿನಾಚೆ ನಮ್ಮ ತೋಟದ ಬಂಗಲೆ ಕಟ್ಟಿಸಿದವನು ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಒಬ್ಬ ಬಿಳಿ ದೊರೆ. ತನ್ನೂರಿನ ಯಾವುದೋ ಜಮೀನ್ದಾರರ ಮನೆಯ ಹಾಗೇ ಇರಬೇಕೆಂದು ದಪ್ಪ ಕಲ್ಲುಗೋಡೆ, ಪುಟ್ಟ ಪುಟ್ಟ ಕಿಟಕಿ ಇಡಿಸಿದನಂತೆ. ಅವನೂರಲ್ಲಿ ಕಡಲಗಾಳಿಯ ಕಾಟವಿತ್ತೇನೋ, ಇಲ್ಲೇನಿತ್ತು? ಹಗಲಲ್ಲೂ ದೀಪ ಹಾಕಿಕೊಂಡು ಬೆಳೆದವಳು ನಾನು.

ಅಜ್ಜ ಆಗ ಪಕ್ಕದ ಸಣ್ಣ ತೋಟದವನು. ಬೇಲಿಯ ತಕರಾರು ಹೇಳಲು ಹೋದರೆ ದೊರೆ ಅವನನ್ನು ಹಿಂದಿನ ಅಡಿಗೆಮನೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದ್ದ. ದೊರೆ ದೇಶ ಬಿಟ್ಟಾಗ ಅಜ್ಜ ಹಟ ಹಿಡಿದು ಬಂಗಲೆ ಕೊಂಡ. "ನಮ್ಮೋರು ಯಾರೂ ಇನ್ಮೇಲೆ ಹಿಂಬಾಗ್ಲಲ್ಲಿ ಓಡಾಡಂಗಿಲ್ಲ" ಅಂದ. ಅವನ ಹೆಣವೂ ಮುಂಬಾಗಿಲಿಂದಲೇ ಹೋಯಿತು. ಅಪ್ಪನಿಗೂ ಇದ್ದದ್ದು ಅದೊಂದೇ ಆಸೆ. "ನನ್ನೂ ಅಲ್ಲಿಂದ್ಲೇ ಕಳ್ಸಿ" ಅನ್ನುತ್ತಿದ್ದ.

ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ಬಿಟ್ಟುಹೋಗಿ ಕಡೆಗೆ ಪಾಲಾಯಿತು. ನಮ್ಮಲ್ಲಿ ಅಣ್ಣ ಪಾಲು ಮಾಡಬೇಕು, ತಮ್ಮ ಮೊದಲು ಆರಿಸಿಕೊಳ್ಳಬೇಕು. ಅಪ್ಪ ಜಾಣತನ ತೋರಿಸಲು ಹೋದ. ಮುಂಬಾಗಿಲು, ಹಜಾರ ಒಂದು ಪಾಲು. ಅಡಿಗೆಮನೆ ಕಡೆಯ ಪಾಲಿಗೆ ಬಾವಿ, ಗೋಡೌನು, ಕಾಫಿ ಒಣಗಿಸುವ ಕಣ ಎಲ್ಲವನ್ನೂ ಸೇರಿಸಿದ. ಆಸೆಬುರುಕ ತಮ್ಮ ಅದಕ್ಕೇ ಬಾಯಿ ಹಾಕುತ್ತಾನೆಂದು ಅವನ ಎಣಿಕೆ. ಚಿಕ್ಕಪ್ಪ ಕಣದ ಕಡೆ ತಿರುಗಿಯೂ ನೋಡದೆ, "ನಂಗೆ ಅಪ್ಪನ ಬಾಗ್ಲು ಸಾಕು" ಅಂದ. ಹಜಾರದ ಹಿಂದೆ ಇಟ್ಟಿಗೆ ಗೋಡೆ ಎದ್ದಿತು. ಅಜ್ಜನನ್ನು ದೊರೆ ನಿಲ್ಲಿಸಿದ್ದ ಬಾಗಿಲಲ್ಲೇ ಅಪ್ಪ ಬದುಕಿರುವಷ್ಟು ಕಾಲ ಓಡಾಡಿದ. ಅಪ್ಪ, ಚಿಕ್ಕಪ್ಪ ಇಬ್ಬರ ಮೇಲೂ ನನಗಿದ್ದ ಸಿಟ್ಟು ಇಷ್ಟಿಷ್ಟಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ಮಾನ ಮರ್ಯಾದೆ ಬಿಟ್ಟು ಚಿಕ್ಕಪ್ಪನ ಬಾಗಿಲಿಗೆ ಹೋಗಿ, "ಗೋಡೆ ಒಡ್ಸಿ ಚಿಕ್ಕಪ್ಪ, ಅಪ್ಪ ಇಲ್ಲಿಂದ ಹೋಗ್ಲಿ" ಅಂತ ಕೇಳಿಕೊಂಡೆ. ಎದ್ದು ಹೊರಗೆ ನಡೆದುಬಿಟ್ಟ. ಕಾದೆವು, ಬರಲಿಲ್ಲ. ಹೊತ್ತಾಯಿತೆಂದು ಅಪ್ಪನನ್ನು ಅಡಿಗೆಮನೆ ಬಾಗಿಲಿಂದಲೇ ಹೊರತಂದು, ಚಟ್ಟ ಹೊತ್ತವರು ಬಂಗಲೆ ಬಳಸಿ ಮುಂದಕ್ಕೆ ಬಂದರು. ಮುಂಬಾಗಿಲು ಹಾರುಹೊಡೆದಿತ್ತು. ಚಿಕ್ಕಪ್ಪ ಏದುಸಿರು ಬಿಡುತ್ತ ಹೊಸ್ತಿಲ ಮೇಲೆ ನಿಂತಿದ್ದ, ಕೈಯಲ್ಲಿ ಹಾರೆ.

"ಹಾರೆ ಎಲ್ಲಾ ನಿಮ್ ಗೋಡೌನಲ್ಲಿದಾವೆ. ಅಲ್ಲಿ ಬಂದು ಕೇಳಕ್ಕೆ ಮುಖ ಇರ್ಲಿಲ್ಲ. ಆಳುಗಳ ಲೈನ್‌ಮನೆಗಳ ತಂಕ ಹೋಗಿ ತಂದೆ. ಒಂದು ಗಳಿಗೆ ತಡೀರಿ, ಒಡೀತೀನಿ."

"ಹೊರಗೆ ತಂದ ಹೆಣ ತಿರುಗಿ ಒಳಗೆ ಹೋಗಂಗಿಲ್ಲ ಮಾರಾಯ" ಅಂದರು ಊರಿನ ಹಿರಿಯರೊಬ್ಬರು.

ಚಿಕ್ಕಪ್ಪ ಹಾರೆ ಕೆಳಗಿಟ್ಟು ಬಂದು ಚಟ್ಟಕ್ಕೆ ಹೆಗಲು ಕೊಟ್ಟ. ಗೋಡೆ ಇವತ್ತಿಗೂ ಹಾಗೇ ಇದೆ. ಇನ್ನು ಅದನ್ನು ಒಡೆದು ಯಾರನ್ನು ಕರೆದುಕೊಂಡು ಹೋಗುವುದು?