ಪಂದ್ಯದ ವಾರ ಕಾಣೆಯಾದ ಕುಕ್ಕರ್

ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಎಂ.ಎಸ್. ಓದುತ್ತಿದ್ದಾಗ ಕೆಂಪು ಓವರಾಲ್ ಕಂಡರೆ ನಮ್ಮ ವಿಭಾಗದವರಿಗೆಲ್ಲ ಮೈಯುರಿ. ಅಲ್ಲಿ ಒಂದೊಂದು ವಿಭಾಗದ ವಿದ್ಯಾರ್ಥಿಗಳಿಗೂ ಒಂದೊಂದು ಬಣ್ಣದ ಓವರಾಲ್, ಮೆಕ್ಯಾನಿಕ್‌ಗಳು ತೊಡುವಂಥ ಅಂಗಿ-ಪ್ಯಾಂಟು ಕೂಡಿಸಿ ಹೊಲಿದ ಉಡುಪು. ನಮ್ಮದು ಹಸಿರು, ಎದುರಾಳಿಗಳದು ಕೆಂಪು. ಚಳಿ ಕಳೆದ ಮೇಲೆ ಎರಡು ವಿಭಾಗಗಳ ನಡುವೆ ಫುಟ್‌ಬಾಲ್ ಪಂದ್ಯ. ಅದಕ್ಕೆ ಮೊದಲಿನ ವಾರ ಪೂರ್ತಿ ಕಿತಾಪತಿ. ಅವರು ನಮ್ಮ ಸೈಕಲ್‌ಗಳನ್ನು ಮರಕ್ಕೆ ನೇತುಹಾಕುತ್ತಿದ್ದರು, ನಾವು ಅವರ ಬಾಗಿಲಿಗೆ ಹಸಿ ಮೀನು ಕಟ್ಟುತ್ತಿದ್ದೆವು. ಇದನ್ನೆಲ್ಲ ತಮಾಷೆ ಎನ್ನುವವರು ಎನ್ನಲಿ, ನನಗೆ ನಗು ಬರುವುದಿಲ್ಲ.

ನಾನು ಗೋಲ್‌ಕೀಪರ್. ಬೆಂಗಳೂರಿನಲ್ಲಿ ವಿಕೆಟ್ ಹಿಂದೆ ನಿಂತು ಅಭ್ಯಾಸವಿತ್ತು, ನಮ್ಮ ತಂಡದವರಿಗೆ ಅಷ್ಟೇ ಸಾಕಾಯಿತು. ನನ್ನ ಹಾಸ್ಟೆಲಿನಲ್ಲೇ ಇದ್ದ ನಮ್ಮ ಸ್ವೀಡಿಷ್ ಕ್ಯಾಪ್ಟನ್ ಮಾತ್ರ, "ನಿನಗೆ ಅವರ ಮೇಲೆ ದ್ವೇಷವೇ ಇಲ್ಲ," ಎಂದು ಗೊಣಗುತ್ತಿದ್ದ. ಕಾರಣವಿತ್ತು. ಕೆಂಪು ತಂಡದ ಡಿಫೆಂಡರ್ ಮಂಗಳೂರಿನವನು. ಇಡೀ ಲಿಂಕೋಪಿಂಗ್‌ನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಭಾನುವಾರ ನಮ್ಮ ಹಾಸ್ಟೆಲಿನವರೆಲ್ಲ ಹಂಚಿಕೊಳ್ಳುವ ಅಡುಗೆಮನೆಗೆ ಬಂದು, ನಾನು ಮಾಡಿದ ಅನ್ನ ಸಾರು ಉಂಡು ಹೋಗುತ್ತಿದ್ದ.

ಪಂದ್ಯದ ವಾರ ಆ ಅಡುಗೆಮನೆಯಿಂದ ನನ್ನ ಕುಕ್ಕರ್ ಮಾಯವಾಯಿತು. ಅದಿದ್ದ ಜಾಗದಲ್ಲಿ ಕೆಂಪು ಓವರಾಲ್‌ನ ಒಂದು ತುಂಡು ಬಿದ್ದಿತ್ತು. ಕುಕ್ಕರ್ ಹೋದರೆ ನನ್ನ ಊಟಕ್ಕೆ ಕಲ್ಲು ಬೀಳುತ್ತದೆಂದು ಕೆಂಪು ತಂಡದಲ್ಲಿ ಬಲ್ಲವನು ಬೇರೆ ಯಾರಿದ್ದ? ಲೈಬ್ರರಿಯ ಮುಂದೆ ಹತ್ತಾರು ಜನರ ಎದುರು ಮಂಗಳೂರಿನವನ ತೋಳು ಹಿಡಿದು ನಿಲ್ಲಿಸಿದೆ.

"ಕುಕ್ಕರ್ ಎಲ್ಲೋ? ನೀನೇ ತಾನೇ ಎತ್ಕೊಂಡು ಹೋಗಿದ್ದು?"

"ಎಂಥ ಮಾರಾಯ, ನಂಗೆ ಗೊತ್ತೇ ಇಲ್ಲ."

"ಸುಳ್ಳು ಬೇರೆ! ಕಳ್ಳ ಕಣೋ ನೀನು."

ಸುತ್ತ ನಿಂತವರಿಗೂ ತಿಳಿಯಲೆಂದು ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೂಗಿ ಹೇಳಿದೆ. ಅವನು ತೋಳು ಬಿಡಿಸಿಕೊಂಡು ಹೊರಟುಹೋದ.

ಪಂದ್ಯದಲ್ಲಿ ನಾನು ಒಂದು ಗೋಲೂ ಬಿಟ್ಟುಕೊಡಲಿಲ್ಲ. ಕಾರ್ನರ್ ಕಿಕ್‌ಗೆಂದು ಮಂಗಳೂರಿನವನು ಹತ್ತಿರ ಬಂದಾಗಲೆಲ್ಲ ಮೊಣಕೈಯಿಂದ ತಿವಿದೆ. ಗೆದ್ದೆವು. ಆ ಸಂಜೆ ಕ್ಯಾಪ್ಟನ್‌ನ ರೂಮಿನಲ್ಲಿ ಪಾರ್ಟಿ. ಅವನು ತನ್ನ ಬೀರುವಿನಿಂದ ನನ್ನ ಕುಕ್ಕರ್ ಹೊರತೆಗೆದು, ಬಿಯರ್ ತುಂಬಿಸಿ, ಎಲ್ಲರೆದುರು ಎತ್ತಿ ಹಿಡಿದ.

"ನೋಡಿದಿರಾ, ದ್ವೇಷ ಬಂದ ಮೇಲೆ ಇವನು ಹೇಗೆ ಆಡಿದ!"

ಕೆಂಪು ತುಂಡು ಇಟ್ಟವನೂ ಅವನೇ. ತಂಡದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕುಕ್ಕರ್ ಕಿತ್ತುಕೊಂಡು ಬಿಯರನ್ನೆಲ್ಲ ಅವನ ಹಾಸಿಗೆಯ ಮೇಲೆ ಸುರಿದೆ. ಆ ನಗು ನೆನೆದರೆ ಈಗಲೂ ರಕ್ತ ಕುದಿಯುತ್ತದೆ.

ಮರುದಿನ ಮಂಗಳೂರಿನವನ ರೂಮಿಗೆ ಹೋದೆ. ಅವನು ಬಾಗಿಲನ್ನು ಅರ್ಧ ಮಾತ್ರ ತೆರೆದ.

"ಕುಕ್ಕರ್ ಸಿಕ್ತು ಕಣೋ. ನಮ್ಮೋರೇ ಬಚ್ಚಿಟ್ಟಿದ್ರು. ಇವತ್ತು ಊಟಕ್ಕೆ ಬಾ."

"ಕನ್ನಡದಲ್ಲಿ ಬೈದದ್ದು ನಮ್ಮೊಳಗೇ ಮುಗೀತಿತ್ತು ಮಾರಾಯ. ನೀನು ಇಂಗ್ಲಿಷಲ್ಲಿ ಹೇಳಿದೆಯಲ್ಲ. ಈಗ ನಾನು ನಮ್ಮ ಹಾಸ್ಟೆಲ್ ಕಿಚನ್‌ಗೆ ಹೋದ್ರೆ ಇಲ್ಲಿಯವರೆಲ್ಲ ಅವರವರ ಕಪಾಟಿಗೆ ಬೀಗ ಹಾಕ್ತಾರೆ."