ಗೋಡೆ ನೋಡಬೇಡಿ ಎನ್ನುತ್ತಿದ್ದವರು

ಕೋಟದ ನಮ್ಮ ಮನೆಗೆ ಎಲ್‌ಇಡಿ ಪಟ್ಟಿ ಹಾಕಿಸಿಕೊಟ್ಟವರು ಬ್ರಹ್ಮಾವರದ ಒಬ್ಬ ಇಂಟೀರಿಯರ್ ಮಹಾಶಯರು. ಒಳಗೆ ಬಂದರೆ ಕೂರುತ್ತಿರಲಿಲ್ಲ. ಅಂಗೈಯಿಂದ ಗಾಳಿಯಲ್ಲಿ ಗೆರೆ ಎಳೆಯುತ್ತ, ಒಂದು ಕಣ್ಣು ಮುಚ್ಚಿ, ನಮ್ಮ ಮನೆಯನ್ನು ನಮಗೇ ತೋರಿಸುತ್ತಿದ್ದರು. ಬಾಯಿ ತೆರೆದರೆ ಒಂದೇ ಮಾತು: “ಗೋಡಿ ಎಂತಕ್ಕೆ ಕಾಂತ್ರಿ? ಬೆಳ್ಕ್ ಕಾಣಿ!”

ನಮ್ಮ ಚಾವಡಿಯ ಪಡುವಣ ಗೋಡೆ ನೀರು ಕುಡಿದು ಉಬ್ಬಿತ್ತು. ಮೊದಲು ಅದನ್ನು ಸರಿಮಾಡಿಸಿ ಎಂದು ಅಮ್ಮ ಹೇಳಿದಾಗಲೂ ಅವರದು ಅದೇ ಮಾತು. ಉಬ್ಬಿದ ಗಾರೆಯ ಮೇಲೆ ಹಲಗೆ ಹೊಡೆಸಿ, ಅದರ ಅಂಚಿಗೆ ಸುತ್ತಲೂ ಬೆಳಕಿನ ಪಟ್ಟಿ ಅಂಟಿಸಿದರು. ಚಾವಡಿ ಮಿಠಾಯಿ ಅಂಗಡಿಯಂತೆ ಹೊಳೆಯಿತು. ಬಂದವರೆಲ್ಲ ಹೊಗಳಿದರು. ಮಳೆಗಾಲ ಮುಗಿಯುವುದರೊಳಗೆ ಹಲಗೆಯ ಹಿಂದಿನಿಂದ ಬೂಷ್ಟಿನ ವಾಸನೆ ಬರತೊಡಗಿತು. ಫೋನ್ ಮಾಡಿದರೆ ಅವರು ಎತ್ತಲಿಲ್ಲ.

ಕೊನೆಗೆ ನನಗೂ ಅಮ್ಮನಿಗೂ ಅವರು ಸಿಕ್ಕಿದ್ದು ಮೀನು ಮಾರ್ಕೆಟ್ಟಿನಲ್ಲಿ. ತಗಡಿನ ಮಾಡಿನ ಅಡಿಯಲ್ಲಿ ಮೀನಿನ ಹೆಂಗಸು ಬುಟ್ಟಿಯ ಮೇಲೆ ಕೆಂಪು ಬಲ್ಬು ಇಳಿಬಿಟ್ಟಿದ್ದಳು. ಅವರು ಒಂದು ಬಂಗುಡೆ ಎತ್ತಿಕೊಂಡು ಹೊರಗಿನ ಬಿಸಿಲಿಗೆ ಹೋದರು. ಕಿವಿರು ಬಿಡಿಸಿ, ಅದರ ಕೆಂಪು ನಿಜವೋ ಎಂದು ಒಂದು ಕಣ್ಣು ಮುಚ್ಚಿ ನೋಡಿದರು.

“ಎಂತ ಹ್ವಾಯ್, ಇಲ್ಲ್ ಬೆಳ್ಕ್ ಇಲ್ಯಾ?” ಎಂದಳು ಅವಳು.

“ನಿನ್ ಲೈಟಿನ್ ಅಡಿಗೆ ಕೊಳ್ತದ್ದೂ ಚಂದವೇ ಕಾಣತ್ತ್. ಅದ್ನ್ ನಂಬುಕ್ ಆತ್ತಾ?” ಎಂದು ತಿರುಗಿದವರ ಎದುರಿಗೆ ಅಮ್ಮ ನಿಂತಿದ್ದಳು.

“ಅಲ್ಲೇ ನಿಲ್ಲಿ, ಬಿಸ್ಲಗೆ,” ಎಂದಳು ಅಮ್ಮ. “ನಿಮ್ಮನ್ನೂ ಒಂದ್ ಸಲ ಸಮಾ ಕಾಂತೆ.”