ನನ್ನ ಎಮ್ಮೆ ತಿಂದ ನಿನ್ನವ್ವನ ಮೆಂತ್ಯ

ರೇಣುಕಾ, ನೀನು ಹಸಿ ಸೊಪ್ಪು ತಿನ್ನುವುದನ್ನು ಬಿಟ್ಟದ್ದು ನನ್ನ ಒಂದು ಮಾತಿನಿಂದ. ನೀನೊಬ್ಬಳೇ ಅಲ್ಲ — ಆ ವರ್ಷ ನನ್ನ ಮನೆಯಲ್ಲಿ ನಿನ್ನ ಜೊತೆ ತಿಂದ ಹುಡುಗಿಯರೆಲ್ಲ ಬಿಟ್ಟರು. ಆಮೇಲೆ ನಾನು ನಿನ್ನ ತಾಯಿಗೆ ಸುಳ್ಳನ್ನೂ ಹೇಳಿದೆ. ಎರಡನ್ನೂ ಮೊದಲೇ ಬರೆದುಬಿಟ್ಟೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಕೂಡ್ಲಿಗಿಯ ನನ್ನ ಖಾನಾವಳಿ ನಿನಗೆ ಗೊತ್ತೇ ಇದೆ. ಪಡಸಾಲೆಯಲ್ಲಿ ಎರಡು ಸಾಲು ಚಾಪೆ, ಕಾಲೇಜಿಗೆ ಬಂದು ರೂಮು ಮಾಡಿಕೊಂಡ ಹನ್ನೆರಡು ಹುಡುಗಿಯರು, ಎರಡು ಹೊತ್ತಿನ ಊಟ. ಎಲ್ಲರೂ ಹದಿನೆಂಟು ಇಪ್ಪತ್ತರವರು. ಪಲ್ಯವನ್ನು ತಾಟಿನ ಅಂಚಿಗೆ ತಳ್ಳಿ, ಅನ್ನ ಸಾರು ಉಂಡು ಏಳುವರು. ಸಂಜೆಗೆ ಚಿಪ್ಸ್ ಪಾಕೀಟು. ಮುಖದಲ್ಲಿ ರಕ್ತವಿಲ್ಲ. ಬೈದೆ. ಆಣೆ ಹಾಕಿಸಿದೆ. ಪಲ್ಯ ಬಿಟ್ಟವರಿಗೆ ಮೊಸರಿಲ್ಲ ಎಂದೆ — ಮೊಸರನ್ನೂ ಬಿಟ್ಟರು, ಪಲ್ಯ ಮುಟ್ಟಲಿಲ್ಲ. ಆಸ್ಪತ್ರೆಯ ಸಿಸ್ಟರ್ ಒಬ್ಬಳು ಬಂದು ಗೋಡೆಗೆ ಹಣ್ಣು ತರಕಾರಿಯ ಬಣ್ಣದ ಚಿತ್ರ ಅಂಟಿಸಿ ಒಂದು ತಾಸು ಹೇಳಿ ಹೋದಳು. ಎಲ್ಲರೂ ತಲೆಯಾಡಿಸಿದರು. ಮರುದಿನವೂ ಪಲ್ಯ ಅಂಚಿನಲ್ಲೇ.

ಆಮೇಲೆ ನೀನು ಬಂದೆ. ಭಾನುವಾರ ನಿಮ್ಮೂರು ಮಾಗಳಕ್ಕೆ ಹೋಗಿ, ಸೋಮವಾರ ಮೊದಲ ಬಸ್ಸಿಗೆ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಂಟು ತರುತ್ತಿದ್ದೆ. ಹೊಳೆದಂಡೆಯ ಹೊಲದಲ್ಲಿ ನಿನ್ನವ್ವ ಬೆಳೆದ ಎಳೆ ಮೆಂತ್ಯ, ಮೂಲಂಗಿ, ಈರುಳ್ಳಿ ತಾಳು. ರೊಟ್ಟಿಯ ಪಕ್ಕದಲ್ಲಿಟ್ಟುಕೊಂಡು, ಶೇಂಗಾ ಚಟ್ನಿಗೆ ಅದ್ದಿ, ಕರಕರ ಎಂದು ತಿನ್ನುತ್ತಿದ್ದೆ. ಯಾರಿಗೂ ಏನೂ ಹೇಳಲಿಲ್ಲ. ಪಕ್ಕದವಳು ಒಂದೆಲೆ ಕಿತ್ತುಕೊಂಡಳು. ಅವಳ ಪಕ್ಕದವಳು ಮೂಲಂಗಿ ಕೇಳಿದಳು. ಒಂದು ತಿಂಗಳಲ್ಲಿ ಏಳು ಹುಡುಗಿಯರು ನಿನ್ನ ಸುತ್ತ ಕೂತು ತಿನ್ನುತ್ತಿದ್ದರು. "ಲೇ, ನನಗ ಎಳೇದು ಇಡ್ರಲೇ" ಎಂದು ಜಗಳ ಬೇರೆ!

ನಾನು ಖುಷಿಪಡಬೇಕಿತ್ತು. ಪಡಲಿಲ್ಲ. ಎರಡು ವರ್ಷ ಬಾಯಿ ಬಡಿದುಕೊಂಡವಳು ನಾನು. ಸುಮ್ಮನೆ ತಿಂದು ತೋರಿಸಿದವಳು ನೀನು. ಒಲೆಯ ಮುಂದೆ ಬೆಂದು ನಾನು ಮಾಡಿದ ಪಲ್ಯ ಪಾತ್ರೆಯಲ್ಲೇ ಉಳಿಯುತ್ತಿತ್ತು, ನಿನ್ನವ್ವನ ಹಸಿ ಸೊಪ್ಪು ಖಾಲಿಯಾಗುತ್ತಿತ್ತು. ಹೊಟ್ಟೆಕಿಚ್ಚು — ಬೇರೆ ಹೆಸರು ಯಾಕೆ ಹುಡುಕಲಿ?

ಒಂದು ಸೋಮವಾರ ರೊಟ್ಟಿ ಬಡಿಸುತ್ತ ಎಲ್ಲರ ಮುಂದೆ ಅಂದೆ:

"ಯವ್ವಾ ರೇಣುಕಾ, ನಿನಗ್ಯಾಕವಾ ತಾಟು? ಹಿತ್ತಲದಾಗ ಎಮ್ಮಿ ಮೇವಿನ ಗ್ವಾದ್ಲಿ ಖಾಲಿ ಐತಿ. ಅಲ್ಲೇ ಹೋಗಿ ಬಾಯಿ ಹಾಕು."

ಗೋಡೆ ಬದಿಯಿಂದ ಒಬ್ಬಳು "ಅಂಬಾ" ಎಂದಳು. ಪಡಸಾಲೆಯೆಲ್ಲ ನಗು. ನಿನ್ನ ಗಂಟಿನಿಂದ ತಿನ್ನುತ್ತಿದ್ದವರೇ ಹೆಚ್ಚು ನಕ್ಕರು, ಬಾಯಲ್ಲಿದ್ದುದನ್ನು ಗಡಬಡಿಸಿ ನುಂಗಿ. ನೀನೂ ನಕ್ಕೆ. ಕೈಯಲ್ಲಿದ್ದ ಮೆಂತ್ಯದ ಕಡ್ಡಿಯನ್ನು ತಾಟಿನ ಕೆಳಗೆ ಸರಿಸಿದ್ದು ನಾನು ನೋಡಿದೆ. ಆಗಲೂ — ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನೇ ಒಂದೆಲೆ ಬಾಯಿಗೆ ಹಾಕಿಕೊಂಡಿದ್ದರೂ ಸಾಕಿತ್ತು.

ಮುಂದಿನ ಸೋಮವಾರ ನೀನು ಗಂಟು ತಂದು ನೇರ ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ಸುರಿದೆ. ಒದ್ದೆ ಬಟ್ಟೆ ಹಿಂಡಿ, ಮಡಚಿ, ಚೀಲದಲ್ಲಿಟ್ಟು, ಒಳಗೆ ಬಂದು ಅನ್ನ ಸಾರು ಉಂಡೆ. ಅದರ ಮುಂದಿನ ಸೋಮವಾರವೂ ಅಷ್ಟೇ. ಕಾಲೇಜು ಮುಗಿಯುವವರೆಗೂ ಅಷ್ಟೇ. ಉಳಿದ ಹುಡುಗಿಯರು ಮತ್ತೆ ಚಿಪ್ಸ್ ಪಾಕೀಟಿಗೆ ಬಿದ್ದರು. ಸೋಮವಾರದ ಹಾಲು ಮೆಂತ್ಯದ ವಾಸನೆ ಹೊಡೆಯುತ್ತಿತ್ತು. "ಅಜ್ಜಿ, ಮೊಸರು ಯಾಕ ಹಿಂಗ ನಾರತೈತಿ?" ಎಂದು ಅವರು ಕೇಳುವರು. ನೀನು ಮೊಸರು ಹಾಕಿಸಿಕೊಳ್ಳುತ್ತಿರಲಿಲ್ಲ. ನಾನು ಸಾರಿನ ಪಾತ್ರೆ ಎತ್ತಿಕೊಂಡು ಮುಂದಿನ ತಾಟಿಗೆ ಹೋಗುತ್ತಿದ್ದೆ.

ಇನ್ನು ನಿನಗೆ ಗೊತ್ತಿಲ್ಲದ್ದು. ನೀನು ಕಾಲೇಜಿನಲ್ಲಿದ್ದಾಗ ಒಂದು ದಿನ ನಿನ್ನವ್ವ ನಮ್ಮ ಮನೆಗೆ ಬಂದಿದ್ದಳು. ಕಟ್ಟೆಯ ಮೇಲೆ ಕೂತು ನೀರು ಕುಡಿದು ಕೇಳಿದಳು, "ಅಕ್ಕಾರ, ನಮ್ಮ ಸೊಪ್ಪು ಹುಡುಗ್ರು ತಿಂತಾರೇನ್ರಿ?"

"ತಿಂತಾರವಾ. ಒಂದ್ ಎಲಿ ಉಳಿಸಂಗಿಲ್ಲ" ಎಂದೆ.

ಅವಳ ಮುಖ ಅರಳಿತು. "ಹಂಗಾದ್ರ ಇನ್ನೊಂದು ಮಡಿ ಹಾಕ್ತೀನ್ರಿ, ನಿಮ್ಮ ಹುಡುಗ್ರಿಗೇ ಅಂತ" ಎಂದಳು. ಹಾಕಿದಳು. ನಿನ್ನ ಗಂಟು ದೊಡ್ಡದಾದದ್ದು ಹಾಗೆ. ನನ್ನ ಎಮ್ಮೆಗಾಗಿ ಅವಳು ಬಗ್ಗಿ ಕಳೆ ಕಿತ್ತಳು.

ಹೋದ ತಿಂಗಳು, ನಿನ್ನನ್ನು ಕೊಟ್ಟ ಊರು ಹಡಗಲಿಯ ಬಸ್ ನಿಲ್ದಾಣದಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. "ಅಜ್ಜಿ, ಆರಾಮದೀರೇನ್ರಿ?" ಪಕ್ಕದಲ್ಲಿ ನಿನ್ನ ಮಗಳು. ನನ್ನ ಚೀಲದಲ್ಲಿ ಎಳೆ ಸೌತೆಕಾಯಿ ಇತ್ತು, ಒಂದನ್ನು ಅದರ ಕೈಗೆ ಕೊಟ್ಟೆ. ಅದು ಬಾಯಿಗೆ ಒಯ್ದಿತು. ನೀನು ಕಸಿದುಕೊಂಡು, "ಏ, ಮಂದಿ ನಗ್ತಾರ. ಎಮ್ಮೀನಾ ನೀನು?" ಎಂದೆ. ನನ್ನನ್ನು ಚುಚ್ಚಲು ಅಂದದ್ದಲ್ಲ. ಆ ಮಾತು ಎಲ್ಲಿಂದ ಬಂತು ಎಂಬುದೂ ನಿನಗೆ ನೆನಪಿದ್ದಂತಿರಲಿಲ್ಲ. ಮಗು ನಿನ್ನ ಹಿಂದೆ ಸರಿದು ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಿತು.

ಆಮೇಲೆ ನೀನು ನಿನ್ನವ್ವ ತೀರಿಕೊಂಡದ್ದನ್ನು ಹೇಳಿದೆ. ಹಾಸಿಗೆ ಹಿಡಿದಾಗಲೂ ಕೇಳುತ್ತಿದ್ದಳಂತೆ, "ಕೂಡ್ಲಿಗಿ ಹುಡುಗ್ರಿಗೆ ಸೊಪ್ಪು ಕೊಟ್ಟು ಕಳಿಸಿದ್ರೇನ?" ಎಂದು. ನಿನ್ನ ಕಣ್ಣು ತುಂಬಿತ್ತು. "ಎಮ್ಮಿಗೆ ಹಾಕ್ತಿದ್ದೆ ಅಂತ ನಾ ಹೇಳ್ಲೇ ಇಲ್ರಿ ಅಜ್ಜಿ. ಅವ್ವಗ ಮೋಸ ಮಾಡಿದಾಕಿ ನಾನೊಬ್ಬಾಕೀನ."

ಒಬ್ಬಳೇ ಅಲ್ಲ, ರೇಣುಕಾ. ಅದನ್ನು ಹೇಳಲು ಬಾಯಿ ತೆರೆದೆ. ಬಸ್ಸು ಬಂತು — ಇಲ್ಲ, ಬಸ್ಸು ಬರಲು ಇನ್ನೂ ಕಾಲು ತಾಸಿತ್ತು. ನಾನು ಎದ್ದು ಹೋದೆ. ಅಷ್ಟೇ.

ಆ ವಯಸ್ಸಿನ ಹುಡುಗಿಯರಿಗೆ ಗೆಳತಿಯರ ನಗುವಿಗಿಂತ ದೊಡ್ಡ ಹೆದರಿಕೆ ಇಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎಲ್ಲರ ಮುಂದೆ ಅಂದೆ. ನನ್ನ ಬೈಗುಳಕ್ಕೂ, ಸಿಸ್ಟರ್ ಅಂಟಿಸಿದ ಚಿತ್ರಕ್ಕೂ ಬದಲಾಗದವರು ನಿನ್ನನ್ನು ನೋಡಿ ಬದಲಾಗಿದ್ದರು. ಅದನ್ನು ಮುರಿಯಲು ನನಗೆ ಒಂದು ಗಳಿಗೆ ಸಾಕಾಯಿತು. ಈಗ ಆ ಎಮ್ಮೆಯ ಮಾತು ನಿನ್ನ ಬಾಯಿಂದ ನಿನ್ನ ಮಗಳ ಕಿವಿಗೆ ಹೋಗಿದೆ.

ಹಿತ್ತಲಲ್ಲಿ ಎಮ್ಮೆ ಇಲ್ಲ ಈಗ. ಗ್ವಾದಲಿಯ ಜಾಗ ಅಗೆದು ಒಂದು ಮಡಿ ಮೆಂತ್ಯ ಹಾಕಿದ್ದೇನೆ, ಬೆರಳುದ್ದ ಬಂದಿದೆ. ಈ ಸೋಮವಾರ ಮೊದಲ ಬಸ್ಸಿಗೆ ಹಡಗಲಿಗೆ, ನಿನ್ನ ಮನೆಗೆ ಬರುತ್ತೇನೆ. ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದುವವರೆಗೂ ಎದ್ದು ಹೋಗುವುದಿಲ್ಲ. ಬೈದರೆ ಬೈಸಿಕೊಳ್ಳುತ್ತೇನೆ. ನಿನ್ನ ಮಗಳಿಗೆ ತಿನ್ನು ಎಂದು ಹೇಳುವುದಿಲ್ಲ. ಅವಳ ಎದುರು ಕೂತು ಒದ್ದೆ ಬಟ್ಟೆ ಬಿಚ್ಚಿ ಆ ಮೆಂತ್ಯ ತಿನ್ನುತ್ತೇನೆ. ಉಳಿದಿರುವುದು ನಾಲ್ಕು ಹಲ್ಲು, ಬಹಳ ಹೊತ್ತು ಹಿಡಿಯುತ್ತದೆ. ಅವಳು ನಕ್ಕರೆ ನಗಲಿ.